ಹದಿನಾರು ತಾಸು

ಹಳಿಯಾಳ
9 ಜೂನ್ 2024

ಜಾಸ್ಮಿನಾ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಜಗಳ ಮುಗಿಸೋಣ.

ಫೋನ್ ಬಿಟ್ಟು ಕಾಗದ ಹಿಡಿದಿದ್ದಾಳೆ ಇವಳು ಎಂದು ನಗಬೇಡ. ಫೋನಿನಲ್ಲಿ ಏನಾಯಿತು ಅಂತ ಹೋದ ತಿಂಗಳು ನೋಡಿದೆಯಲ್ಲ. ನೀನು ಹಲೋ ಅಂದೆ, ನಾನು ಚೀರಿದೆ, ನೀನು ಕಟ್ ಮಾಡಿದೆ. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ, ಕುಳಿತು ಓದಲೇಬೇಕು.

ಮೌಲ್ಯಮಾಪನ ಕೇಂದ್ರದಲ್ಲಿ ನಮ್ಮ ಟೇಬಲ್ಲಿಗೆ ನೀನು ಮುಖ್ಯಸ್ಥೆ. ಆಗಲಿ. ನನ್ನ ಕಟ್ಟಿನಿಂದ ಒಂದು ಉತ್ತರಪತ್ರಿಕೆ ಎತ್ತಿಕೊಂಡೆ. ಅದೂ ಆಗಲಿ, ನಿನ್ನ ಕೆಲಸ. 'ಆದಾಯದ ಅಸಮಾನತೆ ಹೆಚ್ಚಲು ಕಾರಣಗಳನ್ನು ವಿವರಿಸಿ' ಎಂಬ ಹತ್ತು ಅಂಕದ ಪ್ರಶ್ನೆಗೆ ಆ ಹುಡುಗಿ ಏನು ಬರೆದಿದ್ದಳು? "ನಮ್ಮ ಅಪ್ಪಾನೂ ಕಾಕಾನೂ ಒಂದ ಮಶಿನ್ ಮ್ಯಾಲೆ ಕೆಲಸ ಮಾಡ್ತಾರ. ಕಾಕಾ ಕಾಯಂ ಅದಾನ, ಅಪ್ಪಾ ಗುತ್ತಿಗಿ ಮ್ಯಾಲೆ ಅದಾನ. ಕಾಕಾನ ಮಕ್ಕಳು ಹುಬ್ಬಳ್ಳಿಯೊಳಗ ಓದ್ತಾರ." ಇಷ್ಟೇ. ಸಿದ್ಧಾಂತ ಇಲ್ಲ, ವ್ಯಾಖ್ಯೆ ಇಲ್ಲ. ನಾನು ಎರಡು ಕೊಟ್ಟೆ. ನೀನು ಅದನ್ನು ಹೊಡೆದು ಎಂಟು ಮಾಡಿ, ಪಕ್ಕದಲ್ಲಿ ಸಹಿ ಹಾಕಿದೆ. ಅದೂ ಹನ್ನೆರಡು ಜನರ ಮುಂದೆ! "ಮೇಡಂ, ಸ್ವಲ್ಪ ಮನಸ್ಸಿಟ್ಟು ಓದ್ರಿ" ಅಂದೆಯಲ್ಲ ಲೇ. ನನಗೆ ಮೇಡಂ! ಹಾಸ್ಟೆಲ್ಲಿನಲ್ಲಿ ಎರಡು ವರ್ಷ ಒಂದೇ ಹೊದಿಕೆಯಲ್ಲಿ ಮಲಗಿದವಳು ನೀನು.

ಅದಕ್ಕೇ ಫೋನ್ ಮಾಡಿ ಚೀರಿದೆ. ಕಟ್ ಮಾಡುವ ಮೊದಲು ನೀನು ಅಂದೆ, "ನಿನಗ ಹೊಟ್ಟಿಕಿಚ್ಚು, ಮತ್ತೇನಿಲ್ಲ" ಅಂತ. ಒಂದು ತಿಂಗಳು ವಿಚಾರ ಮಾಡಿದೆ. ಹೌದು, ಇದೆ. ಎಂ.ಎ. ಸಮಾಜಶಾಸ್ತ್ರ ಒಂದೇ ವರ್ಷ ಮುಗಿಸಿದವರು ನಾವು. ನೀನು ಮುಂಡಗೋಡದಲ್ಲಿ ಕಾಯಂ ಪ್ರಾಧ್ಯಾಪಕಿ. ನಾನು ಇಲ್ಲಿ ಹನ್ನೊಂದು ವರ್ಷದಿಂದ ಅತಿಥಿ ಉಪನ್ಯಾಸಕಿ. ಹನ್ನೊಂದು ವರ್ಷ ಝಾಂಡಾ ಊರಿದವರನ್ನು ಯಾರ ಮನೆಯಲ್ಲಿ ಅತಿಥಿ ಅನ್ನುತ್ತಾರೆ ಹೇಳು. ನಮ್ಮ ಸ್ಟಾಫ್ ರೂಮಿನಲ್ಲಿ ಕಾಯಂನವರಿಗೆ ಕೈ ಇರುವ ಕುರ್ಚಿ, ನಮಗೆ ಗೋಡೆಗೆ ಹಚ್ಚಿದ ಬಾಕು, ಒಂದೇ ಬೆಂಚಿನ ಮೇಲೆ ಎಲ್ಲರೂ. ಹಾಜರಿ ಪುಸ್ತಕವೂ ಬೇರೆ.

ಮತ್ತೆ ಆ ಆಯ್ಕೆ ಪರೀಕ್ಷೆಗೆ ನೀನು ಓದಿದ್ದು ಯಾರ ನೋಟ್ಸು? ದಾಂಡೇಲಿಯಲ್ಲಿ ನಿಮ್ಮ ಅಮ್ಮಿಯ ಅಡಿಗೆಮನೆಯ ಹೊಸ್ತಿಲ ಮೇಲೆ ಕುಳಿತು ನನ್ನ ಅಕ್ಷರವನ್ನೇ ಬಾಯಿಪಾಠ ಮಾಡಿದೆ. ನನ್ನ ನೋಟ್ಸಿನಿಂದ ನೀನು ಪಾಸು, ಎರಡೂವರೆ ಅಂಕದಿಂದ ನಾನು ನಪಾಸು. ಉರಿಯದೆ ಏನಾದೀತು?

ನಿಮ್ಮ ಅಮ್ಮಿ, ನನ್ನ ಖಾಲಾ, ಹೇಗಿದ್ದಾರೆ? ಅವರ ಮೇಲೆ ನನಗೆ ಸಿಟ್ಟಿಲ್ಲ.

ಸದ್ಯಕ್ಕೆ ಬರೀ,
ರಾಜಶ್ರೀ


ಮುಂಡಗೋಡ
24 ಜೂನ್ 2024

ರಾಜಿ,

ನಿನ್ನ ಕಾಗದ ಬಂದಾಗ ಕಾಲೇಜಿನ ಜವಾನರು, "ಮೇಡಂ, ಕೋರ್ಟಿಂದ ಏನರ ಬಂತೇನ್ರಿ?" ಅಂತ ಕೇಳಿದರು. ಓದಿದ ಮೇಲೆ ಹೌದು ಅನ್ನಬೇಕಾಗಿತ್ತು.

'ಮೇಡಂ' ಅಂದದ್ದು ತಪ್ಪು. ಕಾಲಿಗೆ ಬೀಳುತ್ತೇನೆ, ಮುಗಿಯಿತು. ಎಂಟು ಅಂಕ ಮಾತ್ರ ತಪ್ಪಲ್ಲ. ನಮ್ಮಬ್ಬಾ ದಾಂಡೇಲಿಯ ಕಾಗದದ ಮಿಲ್ಲಿನಲ್ಲಿದ್ದಾಗ ಅಂಥ ಮಶಿನ್ ಮೇಲೆ ನಿಂತವರೆಲ್ಲ ಕಾಯಂ. ಎಲ್ಲರಿಗೂ ಕ್ವಾರ್ಟರ್ಸು, ಎಲ್ಲರ ಮಕ್ಕಳಿಗೂ ಒಂದೇ ಶಾಲೆ. ಹಳಬರು ಒಬ್ಬೊಬ್ಬರೇ ನಿವೃತ್ತರಾದರು, ಅವರ ಜಾಗಕ್ಕೆ ಗುತ್ತಿಗೆಯವರು ಬಂದರು. ಕೆಲಸ ಬದಲಾಗಲಿಲ್ಲ, ಕೊರಳಲ್ಲಿನ ಗುರುತಿನ ಚೀಟಿಯ ಪಟ್ಟಿಯ ಬಣ್ಣ ಬದಲಾಯಿತು. ಯೂನಿಯನ್ನಿನ ಬಾಯಿಯೂ ಮುಚ್ಚಿತು, ಯಾಕಂದರೆ ಅರ್ಧ ಜನ ಅದರಲ್ಲಿ ಇಲ್ಲವೇ ಇಲ್ಲ. ನಾವು ನಲವತ್ತು ನಿಮಿಷ ಹೇಳುವ ಕಾರಣವನ್ನು ಆ ಹುಡುಗಿ ಮೂರು ಸಾಲಿನಲ್ಲಿ ಬರೆದಳು. ನೀನು ಎರಡು ಯಾಕೆ ಕೊಟ್ಟೆ ಗೊತ್ತೇ? ಅದರಲ್ಲಿ ನೀನೇ ಕಂಡೆ. ಅದಕ್ಕೆ ಸಿಟ್ಟು ಬಂತು.

ನೋಟ್ಸು ನಿನ್ನದೇ, ಒಪ್ಪಿದೆ. ಆದರೆ ಅದನ್ನು ಎರಡು ವರ್ಷ ಕುಳಿತು ಓದಲು ನನಗೆ ಪುರಸೊತ್ತು ಹೇಗೆ ಸಿಕ್ಕಿತು ಅಂತ ಕೇಳಿದ್ದೀಯಾ? ಅಬ್ಬಾ ಹೋಗಿಬಿಟ್ಟಿದ್ದರು, ಕೈಯಲ್ಲಿ ಏನೂ ಇರಲಿಲ್ಲ, ಹೀಗಾಗಿ ನನ್ನನ್ನು ಯಾರೂ ಕೇಳಿಕೊಂಡು ಬರಲಿಲ್ಲ. ನಿನಗೆ ಹೊಲ ಇದ್ದ ಮನೆಯಿಂದ ಬಂದರು. ನಿನ್ನ ಮದುವೆಯಲ್ಲಿ ಅಷ್ಟು ಸಿಹಿ ಮಾದಲಿ ಬಡಿಸಿದರೆ ಎಲೆಯಲ್ಲೇ ಬಿಟ್ಟು ಎದ್ದೆ ಲೇ. ರಾಜಿಗೆ ಎಲ್ಲಾ ಸಿಕ್ಕಿತು, ನನಗೆ ಅವಳ ಹಳೆ ನೋಟ್ಬುಕ್ಕು ಸಿಕ್ಕಿತು ಅನ್ನಿಸಿತ್ತು. ಹೊಟ್ಟೆಕಿಚ್ಚು ನಿನ್ನೊಬ್ಬಳ ಸ್ವತ್ತಲ್ಲ.

ಈಗ ಮುಖ್ಯ ಮಾತು. ಅಮ್ಮಿಗೆ ಈ ತಿಂಗಳು ಎರಡು ಸಲ ತಲೆ ತಿರುಗಿದೆ. ಇಲ್ಲಿಗೆ ಬಾ ಅಂದರೆ, "ನಿಮ್ಮಬ್ಬಾನ ಕಬರ್ ಇಲ್ಲೈತಿ, ಬಿಟ್ಟು ಎಲ್ಲಿಗಿ ಬರ್ಲಿ ಬೇಟಿ?" ಅನ್ನುತ್ತಾಳೆ. ಆಗಸ್ಟಿನಲ್ಲಿ ವರ್ಗಾವಣೆ ಕೌನ್ಸೆಲಿಂಗ್ ಇದೆ. ದಾಂಡೇಲಿಯಲ್ಲಿ ಹುದ್ದೆ ಇಲ್ಲ. ನಿಮ್ಮ ಹಳಿಯಾಳ ಖಾಲಿ ಇದೆ ಅಂತ ಕೇಳಿದೆ. ಅಲ್ಲಿಗೆ ಬಂದರೆ ದಿನಾ ಅಮ್ಮಿಯ ಮನೆಯಿಂದಲೇ ಓಡಾಡಬಹುದು. ನಮ್ಮ ಮನೆಯವರು, ಮುಬಾರಕ್, ತಮ್ಮ ಗ್ಯಾರೇಜನ್ನು ದಾಂಡೇಲಿಗೆ ಎತ್ತಲು ತಯಾರಿದ್ದಾರೆ. ಅಲ್ಲಿ ಸಮಾಜಶಾಸ್ತ್ರಕ್ಕೆ ವಾರಕ್ಕೆ ಎಷ್ಟು ತಾಸು ಇದೆ? ಪೂರ್ತಿ ಹದಿನಾರು ಇದ್ದರೆ ಕೇಳುತ್ತೇನೆ, ಕಡಿಮೆ ಇದ್ದರೆ ಉಳಿದ ದಿನ ಬೇರೆ ಕಾಲೇಜಿಗೆ ಅಟ್ಟುತ್ತಾರೆ. ನೀನು ಹೇಳಿದರೆ ನನಗೆ ಬೇರೆ ವಿಚಾರಣೆ ಬೇಕಿಲ್ಲ.

ನಿನ್ನ
ಜಾಸ್ಮಿನ


ಹಳಿಯಾಳ
1 ಜುಲೈ 2024
(ಈ ಕಾಗದವನ್ನು ಅಂಚೆಗೆ ಹಾಕಲಿಲ್ಲ)

ಜಾಸ್ಮಿನಾ,

ಹದಿನಾರು. ಪೂರ್ತಿ ಹದಿನಾರು ತಾಸು ಇದೆ. ಆ ಹದಿನಾರೂ ನನ್ನವು.

ನೀನು ಬಂದ ದಿನ ನಾನು ಮನೆಗೆ. ಕಾಯಂನವರು ಬಂದರೆ ಅತಿಥಿ ಎದ್ದು ಹೋಗಬೇಕು ಎಂಬುದು ನಿನಗೆ ಗೊತ್ತಿಲ್ಲವೇ? ಗೊತ್ತಿದ್ದೂ ಕೇಳಿದೆಯಾ, ಅಥವಾ ಮರೆತೇ ಹೋಯಿತಾ? ಯಾವುದು ಹೆಚ್ಚು ನೋಯಿಸುತ್ತದೆ ನನಗೇ ತಿಳಿಯುತ್ತಿಲ್ಲ. ಕೈ ಇರುವ ಕುರ್ಚಿಯಲ್ಲಿ ಕುಳಿತವರಿಗೆ ಬಾಕಿನ ಮೇಲೆ ಯಾರಿದ್ದಾರೆ ಅಂತ ಕಾಣುವುದಿಲ್ಲ ಅಂತ ಕಾಣುತ್ತದೆ.

ಇವತ್ತು ಬಿ.ಎ. ಮೂರನೆಯ ವರ್ಷಕ್ಕೆ ಅದೇ ಪಾಠ. ಸಮಾಜಕ್ಕೆ ಹೆಚ್ಚು ಬೇಕಾದ ಕೆಲಸಕ್ಕೆ ಹೆಚ್ಚು ಪ್ರತಿಫಲ ಸಿಗುತ್ತದೆ ಅನ್ನುವವರ ವಾದ ಹೇಳುತ್ತ ನಡುವೆ ನಿಂತುಬಿಟ್ಟೆ. ಇದೇ ಪಾಠವನ್ನು ಮುಂಡಗೋಡದಲ್ಲಿ ನೀನು ಹೇಳುತ್ತೀ. ಅಲ್ಲಿನ ಪಾಠ ಸಮಾಜಕ್ಕೆ ಅಷ್ಟು ಬೇಕು, ಇಲ್ಲಿನದು ಬೇಡವೇ? ಹುಡುಗರು ನಾನು ಮುಂದಿನ ಅಂಶ ಮರೆತೆ ಅಂದುಕೊಂಡರು. ಆಮೇಲೆ ಇನ್ನೊಂದು ಪಂಥ ಹೇಳಿದೆ. ದುಡಿಸಿಕೊಳ್ಳುವವರು ಒಂದೇ ಕೆಲಸವನ್ನು ಒಳಗಿನದು, ಹೊರಗಿನದು ಅಂತ ಸೀಳಿಬಿಟ್ಟರೆ, ದುಡಿಯುವವರು ಮೇಲಿನವರನ್ನು ಬಿಟ್ಟು ಪಕ್ಕದವರನ್ನು ದ್ವೇಷಿಸಲು ಕಲಿಯುತ್ತಾರೆ. ಎಷ್ಟು ಚಂದ ಹೇಳಿದೆ ಅಂತೀ! ಹುಡುಗರು ಬರೆದುಕೊಂಡರು. ಗಂಟೆ ಹೊಡೆಯಿತು, ಹೊರಗೆ ಬಂದು ನಿನ್ನನ್ನು ಬೈದುಕೊಂಡೆ. ಪಾಠ ತಲೆಯಲ್ಲಿತ್ತು, ಹೊಟ್ಟೆಗೆ ಇಳಿಯಲಿಲ್ಲ.

ಹೊಲ ಇದ್ದ ಮನೆ ಅಂದೆ. ಆ ಹೊಲದ ಪಹಣಿ ಉತಾರದಲ್ಲಿ ನನ್ನ ಹೆಸರು ಎಲ್ಲಿದೆ? ಮಾವನವರ ಹೆಸರಿದೆ, ಇವರ ಹೆಸರಿದೆ, ಮೈದುನನ ಹೆಸರಿದೆ. ತವರಿನ ಹೊಲಕ್ಕೆ ಬಿಡುಗಡೆ ಪತ್ರದ ಸಹಿ ಕೊಟ್ಟು, ಅಣ್ಣನಿಂದ ಇಳಕಲ್ ಸೀರೆ ಉಡಿಯಲ್ಲಿ ಹಾಕಿಸಿಕೊಂಡು ಬಂದೆ. ಎಷ್ಟು ಖುಷಿಯಿಂದ ಸಹಿ ಮಾಡಿದ್ದೆ ನೋಡು! ಅಣ್ಣನ ಹೊಲಕ್ಕೆ ಈಗ ಬಂಗಾರದ ಬೆಲೆ. ಇವರಿಗೆ ನನ್ನ ನೌಕರಿ ಒಂದು ಹೊತ್ತು ಕಳೆಯುವ ಆಟ. "ಬಿಟ್ಟಬಿಡ ಅತ್ಲಾಗ, ಗೋವಿನಜ್ವಾಳ ಮುರಿಯಾಕ ಆಳು ಸಿಗವಲ್ವು" ಅನ್ನುತ್ತಾರೆ ನನ್ನ ಗಂಡ, ಉದಯಕುಮಾರ ಸಾಹುಕಾರರು. ಇಡೀ ಜಗತ್ತಿನಲ್ಲಿ ನನ್ನ ಹೆಸರು ಬರೆದಿರುವುದು ಒಂದೇ ಕಡೆ, ಕಾಲೇಜಿನ ವೇಳಾಪಟ್ಟಿಯಲ್ಲಿ. ಅದನ್ನೂ ನಿನಗೆ ಕೊಡಲೇ?

ನಿನಗೆ ಗಂಡ ಗ್ಯಾರೇಜು ಎತ್ತಿಕೊಂಡು ಹಿಂದೆ ಬರುತ್ತಾನೆ. ನಿನಗೆ ಅಮ್ಮಿ ಇದ್ದಾಳೆ. ಇನ್ನೆಷ್ಟು ಬೇಕು ನಿನಗೆ?

ಬರಬೇಡ. ದಯವಿಟ್ಟು ಬರಬೇಡ. ಇದನ್ನು ಬೇಡಿಕೊಳ್ಳಲು ನಾಚಿಕೆಯಾಗುತ್ತದೆ.

ರಾಜಿ


ಹಳಿಯಾಳ
2 ಜುಲೈ 2024

ಪ್ರೀತಿಯ ಜಾಸ್ಮಿನ,

ನಿನ್ನ ಪತ್ರ ತಲುಪಿತು. ಹಳೆಯದೆಲ್ಲ ಮರೆತುಬಿಡೋಣ. ನಮ್ಮ ನಡುವೆ ಅದೆಲ್ಲ ಏನು?

ನೀನು ಇಲ್ಲಿಗೆ ಬರುತ್ತೀ ಅಂದದ್ದು ಕೇಳಿ ಬಹಳ ಸಂತೋಷವಾಯಿತು. ಆದರೆ ಗೆಳತಿಯಾಗಿ ನಿಜ ಹೇಳಬೇಕು. ಇಲ್ಲಿ ಸಮಾಜಶಾಸ್ತ್ರ ತಗೊಳ್ಳುವ ಹುಡುಗರೇ ಕಡಿಮೆಯಾಗಿದ್ದಾರೆ. ಈಗ ವಾರಕ್ಕೆ ಎಂಟೇ ತಾಸು. ಮುಂದಿನ ವರ್ಷ ವಿಷಯವೇ ಇರುತ್ತದೋ ಇಲ್ಲವೋ. ನೀನು ಬಂದರೆ ವಾರದಲ್ಲಿ ಮೂರು ದಿನ ಬೇರೆ ಎಲ್ಲಿಗಾದರೂ ಹಾಕುತ್ತಾರೆ. ಆಗ ಖಾಲಾನ ಹತ್ತಿರ ಇದ್ದೂ ಇಲ್ಲದಂತಾಗುತ್ತದೆ. ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.

ಖಾಲಾಗೆ ನನ್ನ ಸಲಾಮು ಹೇಳು. ಮುಬಾರಕಣ್ಣನವರನ್ನು ಕೇಳಿದೆ ಅನ್ನು.

ಎಂದೆಂದೂ ನಿನ್ನ ಪ್ರೀತಿಯ ಗೆಳತಿ,
ರಾಜಶ್ರೀ


ಮುಂಡಗೋಡ
20 ಆಗಸ್ಟ್ 2024

ರಾಜಿ,

ಕೌನ್ಸೆಲಿಂಗ್ ಮುಗಿಯಿತು. ಹಳಿಯಾಳ ಕೇಳಲಿಲ್ಲ. ಏನೂ ಕೇಳಲಿಲ್ಲ, ಇಲ್ಲೇ ಉಳಿದೆ.

ನಿನ್ನ ಜುಲೈ ಕಾಗದಕ್ಕೆ ಉತ್ತರ ಬರೆಯಲು ತಡವಾಯಿತು. ಮೂರು ಸಲ ಓದಿದೆ. ಇಷ್ಟು ಸಿಹಿಯಾಗಿ ನೀನು ಯಾವತ್ತೂ ಬರೆದಿರಲಿಲ್ಲ.

ಒಂದು ಉಪಕಾರ ಮಾಡುತ್ತೀಯಾ? ಬಿಡುವಿದ್ದಾಗ ದಾಂಡೇಲಿಗೆ ಹೋಗಿ ಅಮ್ಮಿಯನ್ನು ನೋಡಿಕೊಂಡು ಬಾ. ನನ್ನ ಮುಂದೆ ಅವಳು ಎಲ್ಲಾ ಅರಾಮ ಅನ್ನುತ್ತಾಳೆ. ನಿನ್ನ ಮುಂದೆ ನಿಜ ಹೇಳಿಯಾಳು.

ಜಾಸ್ಮಿನ


ಹಳಿಯಾಳ
15 ಸೆಪ್ಟೆಂಬರ್ 2024

ಜಾಸ್ಮಿನಾ,

ಇವತ್ತು ದಾಂಡೇಲಿಗೆ ಹೋಗಿ ಬಂದೆ. ಖಾಲಾ ಗೋಡೆ ಹಿಡಿದು ಓಡಾಡುತ್ತಾರೆ. ನಾನು ನೋಡುತ್ತಿದ್ದೇನೆ ಅಂತ ಗೊತ್ತಾದರೆ ಕೈ ಬಿಟ್ಟು ನೆಟ್ಟಗೆ ನಿಲ್ಲುತ್ತಾರೆ. ಹಿಂದಿನ ಕೋಣೆಗೆ ಹೊಸದಾಗಿ ಸುಣ್ಣ ಹಚ್ಚಿಸಿದ್ದಾರೆ. ಯಾಕೆ ಅಂತ ಕೇಳಿದೆ. "ಜಾಸ್ಮಿನ ಬರ್ತಾಳಂತ ಹಚ್ಚಿಸಿದ್ನಿ ಬೇಟಿ. ಆದ್ರ ಹಳಿಯಾಳದಾಗ ತಾಸs ಇಲ್ಲಂತ? ನೀನs ಕಾಗದಾ ಬರದಿದ್ದಿಯಂತ?" ಅಂದರು. ಹೂಂ ಅಂದೆ. ಅವರು ನನ್ನ ತಾಟಿಗೆ ಇನ್ನೊಂದು ಚಪಾತಿ ಹಾಕಿದರು, ನಾನು ತಿಂದೆ.

ಕಪಾಟಿನ ಮೇಲೆ ನಿನ್ನ ನೇಮಕಾತಿ ಆದೇಶದ ಝೆರಾಕ್ಸಿಗೆ ಕಟ್ಟು ಹಾಕಿಸಿ ಇಟ್ಟಿದ್ದಾರೆ. ಬಂದವರಿಗೆಲ್ಲ ತೋರಿಸುತ್ತಾರಂತೆ. ನಮ್ಮವ್ವ ನನ್ನ ನೌಕರಿಯ ಮಾತು ಬಂದರೆ, "ಹೋಗ್ತಾಳ ಬರ್ತಾಳ" ಅಂದು ಮಾತು ತಿರುಗಿಸುತ್ತಾಳೆ. ಅಲ್ಲೂ ಹೊಟ್ಟೆ ಉರಿಯಿತು ನನಗೆ. ಕಾಯಿಲೆಯ ಮುದುಕಿಯ ಮನೆಯಲ್ಲಿ ಅವಳ ಚಪಾತಿ ತಿನ್ನುತ್ತ! ಎಂಥ ಹೆಂಗಸು ನಾನು?

ಇನ್ನೊಂದು ಸುದ್ದಿ. ಹಳಿಯಾಳದ ಹುದ್ದೆಯನ್ನು ಕೋಲಾರದ ಕಡೆಯ ಲೋಕೇಶ ಎಂಬವರು ಆರಿಸಿಕೊಂಡಿದ್ದಾರೆ. ಸೋಮವಾರ ಬಂದು ಹಾಜರಾದರು. ಪ್ರಿನ್ಸಿಪಾಲರು ನನ್ನನ್ನು ಕರೆದು, "ಕಾಯಂನವರು ಬಂದ್ರಲ್ರಿ ಮೇಡಂ, ನಾವೇನ ಮಾಡಾಕ ಬರೂದಿಲ್ಲ" ಅಂದರು. ಹನ್ನೊಂದು ವರ್ಷಕ್ಕೆ ಅಷ್ಟೇ ಮಾತು. ಲೋಕೇಶ ಕೆಟ್ಟ ಮನುಷ್ಯರಲ್ಲ. ಊರು ಹೊಸದು, ಹೆಂಡತಿ ಮಕ್ಕಳು ಅಲ್ಲೇ ಇದ್ದಾರೆ, ಮುಖ ಬಾಡಿತ್ತು. "ಮೇಡಂ, ನಿಮ್ ಹತ್ರ ನೋಟ್ಸ್ ಇದ್ರೆ ಕೊಡ್ತೀರಾ?" ಅಂತ ಕೇಳಿದರು. ಕೊಟ್ಟೆ. ನನ್ನ ನೋಟ್ಸಿನ ಹಣೆಬರಹವೇ ಅದು.

ಹೀಗೆ ಹದಿನಾರು ತಾಸು ಅವರಿಗೆ ಹೋಯಿತು.

ಬರೆದುಬಿಟ್ಟೆ ನೋಡು. ಹೊಡೆದುಹಾಕುವುದಿಲ್ಲ. ಎಂಟಲ್ಲ ಜಾಸ್ಮಿನಾ, ಹದಿನಾರು ಇತ್ತು. ನಾನು ಸುಳ್ಳು ಹೇಳಿದೆ. ನೀನು ಬಂದರೆ ನಾನು ಹೊರಗೆ ಬೀಳುತ್ತಿದ್ದೆ, ಅದಕ್ಕೆ ಹೇಳಿದೆ. ಹೊರಗೆ ಬಿದ್ದೇ ಬಿದ್ದೆ. ನೀನು ಬರಲಿಲ್ಲ, ನಾನು ಉಳಿಯಲಿಲ್ಲ, ಖಾಲಾ ಸುಣ್ಣದ ಕೋಣೆ ಇಟ್ಟುಕೊಂಡು ಕುಳಿತಿದ್ದಾರೆ.

ಬೈಯಬೇಕಾದಷ್ಟು ಬೈ.

ರಾಜಿ


ಮುಂಡಗೋಡ
3 ಅಕ್ಟೋಬರ್ 2024

ರಾಜಿ,

ಅಮ್ಮಿ ಬಿದ್ದಳು. ನೀನು ಬಂದುಹೋದ ಮುಂದಿನ ವಾರ, ಬಚ್ಚಲ ಮನೆಯಲ್ಲಿ. ಬೆಳಿಗ್ಗೆ ಏಳಕ್ಕೆ ಬಿದ್ದವಳು ಹನ್ನೊಂದರವರೆಗೆ ಅಲ್ಲೇ ಇದ್ದಳು. ಪಕ್ಕದ ಮನೆಯ ಸತ್ತೆವ್ವ ಕೊತ್ತಂಬರಿ ಕೇಳಲು ಬಂದು, ದನಿ ಕೇಳಿ, ಜನ ಕೂಡಿಸಿ ಬಾಗಿಲು ಒಡೆಸಿದಳು. ಹುಬ್ಬಳ್ಳಿಯಲ್ಲಿ ಸೊಂಟದ ಆಪರೇಶನ್ ಆಯಿತು. ಈಗ ಇಲ್ಲಿ ನನ್ನ ಮನೆಯಲ್ಲಿದ್ದಾಳೆ. ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾಳೆ. ದಾಂಡೇಲಿಗೆ ಯಾವಾಗ ಹೋಗೂಣು ಅಂತ ದಿನಾ ಕೇಳುತ್ತಾಳೆ, ನಾನು ಅಡಿಗೆಮನೆಗೆ ಹೋಗಿಬಿಡುತ್ತೇನೆ.

ನಿನ್ನನ್ನು ಬೈಯಲು ಕುಳಿತೆ. ಬರಲಿಲ್ಲ, ಯಾಕಂದರೆ ಎಂಟು ತಾಸು ಎಂಬುದು ಸುಳ್ಳು ಅಂತ ನನಗೆ ಜುಲೈನಲ್ಲೇ ಗೊತ್ತಿತ್ತು. ಖಾಲಿ ಹುದ್ದೆಗಳ ಪಟ್ಟಿಯನ್ನು ಇಲಾಖೆಯವರು ಎಲ್ಲರಿಗೂ ಕಾಣುವಂತೆ ಹಾಕುತ್ತಾರಲ್ಲ ಹುಚ್ಚಿ. ಹಳಿಯಾಳದ ಮುಂದೆ ಹದಿನಾರು ಅಂತ ಇತ್ತು. ನೀನು ಅಷ್ಟು ವರ್ಷ ಕಾಲೇಜಿನಲ್ಲಿದ್ದೂ ಆ ಪಟ್ಟಿ ನೋಡಿರಲಿಲ್ಲ. ಅತಿಥಿಗಳಿಗೆ ಅದು ಬೇಕಾಗುವುದಿಲ್ಲ ಅಂತ ಆಮೇಲೆ ಹೊಳೆಯಿತು.

ಪಟ್ಟಿ ನೋಡಿದ ದಿನವೇ ನನಗೆ ತಿಳಿದದ್ದು, ನಾನು ಏನು ಕೇಳಿದ್ದೆ ಅಂತ. ಜೂನಿನಲ್ಲಿ ನಿಜವಾಗಿ ಮರೆತಿದ್ದೆ ರಾಜಿ. ಅಲ್ಲಾಹನಾಣೆ. ನಿನ್ನ ತಾಸು ಅಂತ ಒಂದು ಸಲವೂ ಹೊಳೆಯಲಿಲ್ಲ. ಕಾಯಂ ಆಗಿ ಒಂಬತ್ತು ವರ್ಷವಾಯಿತು, ಕಣ್ಣಿಗೆ ಪೊರೆ ಬಂದಿದೆ.

ಕೌನ್ಸೆಲಿಂಗ್ ದಿನ ಪರದೆಯ ಮೇಲೆ ಹಳಿಯಾಳ ಬಂತು. "ಬೇಕೇನ್ರಿ ಮೇಡಂ?" ಅಂದರು. ಬೇಡ ಅಂದೆ. ಅನ್ನುವಾಗ ಎಷ್ಟು ಹಗುರ ಆಯಿತು ಗೊತ್ತೇ? ರಾಜಿ ನನಗೆ ಸುಳ್ಳು ಹೇಳಿದಳು, ನಾನು ಅವಳಿಗೆ ನೌಕರಿ ಬಿಟ್ಟುಕೊಟ್ಟೆ ಅನ್ನುವ ಹಮ್ಮು. ಎಷ್ಟು ದೊಡ್ಡವಳು ನಾನು ಅಂದುಕೊಂಡು ಬಸ್ಸು ಹತ್ತಿದೆ. ಅಮ್ಮಿ ಕೋಣೆಗೆ ಸುಣ್ಣ ಹಚ್ಚಿಸಿದ್ದು ನನಗೆ ನೆನಪೇ ಆಗಲಿಲ್ಲ. ನಾನು ಬಿಟ್ಟದ್ದನ್ನು ಇನ್ನೊಬ್ಬರು ಆರಿಸಿಕೊಳ್ಳುತ್ತಾರೆ ಅಂತಲೂ ಹೊಳೆಯಲಿಲ್ಲ. ಸಮಾಜಶಾಸ್ತ್ರದ ಪ್ರಾಧ್ಯಾಪಕಿ!

ನೀನೀಗ ಎಲ್ಲಿದ್ದೀ? ಮನೆಯಲ್ಲೇ?

ಜಾಸ್ಮಿನ


ಜೋಯಿಡಾ
20 ಅಕ್ಟೋಬರ್ 2024

ಜಾಸ್ಮಿನಾ,

ಖಾಲಾ ಬಿದ್ದ ಸುದ್ದಿ ಓದಿ ಬಸ್ ಸ್ಟ್ಯಾಂಡಿನಲ್ಲೇ ಕುಳಿತುಬಿಟ್ಟೆ. ಒಂದು ಬಸ್ಸು ಹೋಯಿತು, ಇನ್ನೊಂದೂ ಹೋಯಿತು. ನಾಲ್ಕು ತಾಸು ಬಚ್ಚಲ ಹಸಿ ನೆಲದಲ್ಲಿ! ಹಿಂದಿನ ರವಿವಾರ ಅದೇ ಕೈಯಿಂದ ನನಗೆ ಬಡಿಸಿದ್ದರು. ಕ್ಷಮಿಸು ಅನ್ನಲು ನನಗೆ ಬಾಯಿಲ್ಲ. ಅವರ ಕಿವಿಯಲ್ಲಿ ನಿಜ ಹೇಳಿಬಿಡು, ತಾಸು ಇತ್ತು, ರಾಜಿ ಇಲ್ಲವೆಂದಳು ಅಂತ. ಅವರು ನನ್ನನ್ನು ಬೈದರೆ ನನಗೆ ಸ್ವಲ್ಪ ನಿದ್ದೆ ಬಂದೀತು.

ಮನೆಯಲ್ಲಿಲ್ಲ. ಜೋಯಿಡಾದ ಕಾಲೇಜಿನಲ್ಲಿ ಎಂಟು ತಾಸು ಸಿಕ್ಕಿದೆ. ಈ ಸಲ ನಿಜವಾಗಿಯೂ ಎಂಟು. ಉಳವಿ ಕಡೆಯಿಂದ, ಗಣೇಶಗುಡಿಯಿಂದ ಹುಡುಗರು ಬರುತ್ತಾರೆ. ಅರ್ಧ ಜನ ಕೊಂಕಣಿಯಲ್ಲಿ ಮಾತಾಡಿ ನನಗಾಗಿ ಕನ್ನಡಕ್ಕೆ ತಿರುಗುತ್ತಾರೆ. ಸೋಮವಾರ ಬಂದು ಬುಧವಾರ ಹೋಗುತ್ತೇನೆ, ಸುನಂದಾ ಅನ್ನುವ ಅಂಗನವಾಡಿ ಟೀಚರ್ ಮನೆಯಲ್ಲಿ ಒಂದು ಮೂಲೆ ಕೊಟ್ಟಿದ್ದಾರೆ. ಈ ಸಲ ದಸರೆ ರಜೆ ಮುಗಿಯಿತೆಂದು ರವಿವಾರವೇ ಬಂದೆ. ಇವರು, "ಎಂಟ ತಾಸಿಗೆ ಅಷ್ಟ ದೂರ ಹೊಕ್ಕೀಯೇನ?" ಅಂತ ನಕ್ಕರು. ಹೊಕ್ಕೇನಿ ಅಂದೆ.

ಈಗ ಸಿಟ್ಟಿನ ಮಾತು. ನಿನಗೆ ಗೊತ್ತಿತ್ತು. ಗೊತ್ತಿದ್ದೂ ಬಿಟ್ಟುಕೊಟ್ಟೆ. ಅದನ್ನು ಓದಿದಾಗ ನಾನು ಅತ್ತೆ, ಆಮೇಲೆ ಮೈಯೆಲ್ಲ ಉರಿಯಿತು. ನಿನ್ನ ಸಂಬಳದ ಮೇಲೆ, ಕುರ್ಚಿಯ ಮೇಲೆ, ಗಂಡನ ಮೇಲೆ, ಅಮ್ಮಿಯ ಮೇಲೆ ಕಿಚ್ಚು ಪಟ್ಟದ್ದು ಇದರ ಮುಂದೆ ಏನೂ ಅಲ್ಲ. ನಿನಗೆ ದೊಡ್ಡ ಮನಸ್ಸು ಮಾಡಲು ಬಂತು, ನನಗೆ ಬರಲಿಲ್ಲ. ಯಾಕೆ ಬರಲಿಲ್ಲ? ನಾನು ಹುಟ್ಟಾ ಕೆಟ್ಟವಳೇ? ಒಂದೇ ಹೊದಿಕೆಯಲ್ಲಿ ಮಲಗಿದ್ದಾಗ ಇಬ್ಬರ ಮನಸ್ಸೂ ಒಂದೇ ಅಳತೆಯದಿತ್ತು ಲೇ. ನೀನು ಹಳಿಯಾಳ ಬೇಡ ಅಂದ ದಿನವೂ ನಿನಗೆ ಮುಂಡಗೋಡ ಇತ್ತು. ನಾನು ಬಾ ಅಂದಿದ್ದರೆ ನನಗೆ ಏನೂ ಇರುತ್ತಿರಲಿಲ್ಲ. ದೊಡ್ಡ ಮನಸ್ಸಿಗೂ ಒಂದು ಕಾಯಂ ನೌಕರಿ ಬೇಕಾಗುತ್ತದೆ ಜಾಸ್ಮಿನಾ. ಇದನ್ನು ನಮ್ಮ ಪುಸ್ತಕದ ಯಾವ ಅಧ್ಯಾಯದಲ್ಲೂ ಬರೆದಿಲ್ಲ.

ನೀನು ಬರಬೇಕಾಗಿತ್ತು. ಬಂದು ನನ್ನ ಹದಿನಾರೂ ತಾಸು ಕಸಿದುಕೊಳ್ಳಬೇಕಾಗಿತ್ತು. ನಾನು ನಿನ್ನನ್ನು ಸಾಯುವವರೆಗೆ ಶಪಿಸುತ್ತಿದ್ದೆ, ಖಾಲಾ ದಾಂಡೇಲಿಯಲ್ಲಿ ನಿನ್ನ ಕೈ ಹಿಡಿದು ಓಡಾಡುತ್ತಿದ್ದರು. ಅದು ಇದಕ್ಕಿಂತ ಚೆನ್ನಾಗಿತ್ತು.

ಮುಂದಿನ ವರ್ಷದಿಂದ ಈ ಕಾಲೇಜಿಗೆ ಇನ್ನೊಂದು ವರ್ಗ ಸೇರುತ್ತದಂತೆ. ಇಲ್ಲಿಯೂ ತಾಸು ಪೂರ್ತಿಯಾಗಬಹುದು, ಕಾಯಂ ಹುದ್ದೆ ಪಟ್ಟಿಗೆ ಬರಬಹುದು ಅನ್ನುತ್ತಾರೆ ಇಲ್ಲಿನ ಪ್ರಿನ್ಸಿಪಾಲರು. ದಾಂಡೇಲಿಯಿಂದ ಇಲ್ಲಿಗೆ ದಿನಾ ಓಡಾಡಲು ಬರುತ್ತದೆ. ಬಂದರೆ ಕೇಳು. ನಾನು ಇಲ್ಲಿದ್ದರೂ ಕೇಳು, ಖಾಲಾನನ್ನು ಅವರ ಮನೆಗೆ ಕರೆದುಕೊಂಡು ಬಾ. ತಾಸು ಎಷ್ಟಿದೆ ಅಂತ ಪಟ್ಟಿಯಲ್ಲಿ ನೋಡಿಕೋ. ನನ್ನನ್ನು ಮಾತ್ರ ಕೇಳಬೇಡ. ಕೇಳಿದರೆ ಮತ್ತೆ ಸುಳ್ಳು ಹೇಳುತ್ತೇನೆ.

ನಿನ್ನ
ರಾಜಿ